ಬಿರುಗಾಳಿ ಮಳೆಗಳ ತರುವಾಯ ಮನೆಗಳ ಪರೀಕ್ಷೆ

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಗ್ರಾಮಮುಖ್ಯಸ್ಥರಿಗೂ ಜಮೀನುದಾರರಿಗೂ ಕೆಲವು ಸೂಚನೆಗಳು

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರಿಂದ)

ಬೆಳೆಗೆ ಬಂದ ಕೇಡನ್ನು ವಿಚಾರಿಸುವುದು ವ್ಯವಸಾಯ ಇಲಾಖೆಯವರ ಕೆಲಸವಾಗಿರಲು, ಮನೆಗಳ ವಿಷಯವನ್ನು ಈ ಪತ್ರಿಕೆಯಲ್ಲಿ ಎತ್ತುವುದೇತಕ್ಕೆಂದು ವಾಚಕರು ಕೇಳಬಹುದು. ನಮ್ಮ ಒಕ್ಕಲಿಗನ ಬಿತ್ತನೆಯ ಬೀಜ, ವರ್ಷದ ಕಾಳು, ಎತ್ತು ಎಮ್ಮೆಗಳು, ಗಳೇವಿನ ಸಾಮಾನು ಇವೆಲ್ಲವೂ ಬಹುಮಟ್ಟಿಗೆ ಅವನು ಮಲಗುವ ಮಾಳಿಗೆಯ ಕೆಳಗೇ ಇರುತ್ತವೆ. ಆ ಮಾಳಿಗೆಯು ಬಿದ್ದರೆ ಮುಂದಿನ ಹಂಗಾಮಿನ ಬಿತ್ತನೆಯೂ ಬಿದ್ದಂತೆಯೇ. ಜೀವಹಾನಿಯಾದರಂತೂ ಯಾವ ಪರಿಹಾರದಿಂದಲೂ ಆ ನಷ್ಟವು ತುಂಬತಕ್ಕದ್ದಲ್ಲ. ಆದುದರಿಂದ ಗಾಳಿ ಮಳೆಗಳು ನಿಂತೊಡನೆ ಹೊಲಕ್ಕೆ ಓಡುವುದಕ್ಕೆ ಮೊದಲು ಮನೆಯನ್ನು ಕ್ರಮವಾಗಿ ಪರೀಕ್ಷಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

೧. ನಮ್ಮ ಸೀಮೆಯ ಗಾಳಿಯೂ ಮಳೆಯೂ

ರಾಯಚೂರು ಜಿಲ್ಲೆಯು ಮಳೆ ಕಡಿಮೆಯಾದ ಸೀಮೆಯೆಂಬುದನ್ನು ಎಲ್ಲರೂ ಬಲ್ಲರು. ಇಲ್ಲಿ ಮನೆಗಳನ್ನು ಕಟ್ಟಿರುವುದೂ ಆ ನಂಬಿಕೆಯಿಂದಲೇ. ಮಣ್ಣಿನ ಅಥವಾ ಮಣ್ಣು ಕಲ್ಲುಗಳ ದಪ್ಪ ಗೋಡೆ, ಕಂಬ, ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ, ನೀರು ಹೋಗಲು ಹರನಾಳಿಗೆ: ಈ ಕಟ್ಟಡವು ಬೇಸಗೆಯ ಉರಿಬಿಸಿಲಿಗೆ ಬಹಳ ಹಿತವಾದುದು. ಒಂದೆರಡು ತಾಸು ಸುರಿದು ಹೋಗುವ ಮಳೆಯನ್ನು ಅದು ಸುಲಭವಾಗಿ ತಡೆದುಕೊಳ್ಳುವುದು. ಮೂರು ನಾಲ್ಕು ದಿನ ಬಿಡದೆ ಹಿಡಿಯುವ ಜಡಿಮಳೆಯನ್ನು ಅದು ತಡೆಯಲಾರದು.

ಕೇಡು ಮಾಡುವ ಗಾಳಿ ಮಳೆಗಳು ನಮ್ಮಲ್ಲಿ ವರ್ಷದಲ್ಲಿ ಎರಡು ಕಾಲಗಳಲ್ಲಿ ಬರುತ್ತವೆ. ಮೊದಲನೆಯದು ಏಪ್ರಿಲ್, ಮೇ ತಿಂಗಳುಗಳಲ್ಲಿ, ಮುಂಗಾರಿಗೆ ಮೊದಲು, ಸಾಯಂಕಾಲದ ವೇಳೆಯಲ್ಲಿ ಗುಡುಗು ಸಿಡಿಲು ಆಲಿಕಲ್ಲುಗಳೊಡನೆ ಎದ್ದು ಬರುವ ಬಿರುಗಾಳಿ. ಇದು ತಗಡನ್ನು ಹಾರಿಸುವುದು, ಮರವನ್ನೂ ತಂತಿಯನ್ನೂ ಕೆಡಹುವುದು. ಎರಡನೆಯದು ಸೆಪ್ಟೆಂಬರಿನ ಕೊನೆಯಿಂದ ನವೆಂಬರಿನವರೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಹಿಡಿಯುವ ಬಿಡದ ಮಳೆ. ಇದು ಸದ್ದಿಲ್ಲದೆ ಗೋಡೆಯನ್ನು ನೆನೆಸಿ ಮಾಳಿಗೆಯನ್ನು ಕೆಡಹುವುದು.

ಎರಡನೆಯ ಬಗೆಯ ಮಳೆಯು ಏನು ಮಾಡಬಲ್ಲದೆಂಬುದನ್ನು ೨೦೦೯ನೆಯ ಇಸವಿಯಲ್ಲಿ ಈ ಸೀಮೆಯು ಕಂಡಿತು. ಆ ವರ್ಷ ಹಸ್ತಾ ಮಳೆಯ ಕಾಲದಲ್ಲಿ, ಸೆಪ್ಟೆಂಬರಿನ ಕೊನೆಯಿಂದ ಅಕ್ಟೋಬರಿನ ಮೊದಲ ದಿನಗಳವರೆಗೆ, ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಎಡೆಬಿಡದೆ ಮಳೆಯಾಯಿತು. ತುಂಗಭದ್ರೆಯು ಉಕ್ಕಿ ಅಕ್ಟೋಬರ್ ೨ರಂದು ಮಂತ್ರಾಲಯವೇ ಮುಳುಗಿತು. ರಾಜ್ಯದಲ್ಲಿ ೨೦೦ಕ್ಕೂ ಹೆಚ್ಚು ಜನರು ಮಡಿದರು. ಲಕ್ಷಗಟ್ಟಲೆ ಮನೆಗಳು ಹಾಳಾದವು. ಸರಕಾರವು 'ಆಸರೆ' ಎಂಬ ಹೆಸರಿನಿಂದ ಹೊಸ ಊರುಗಳನ್ನೇ ಕಟ್ಟಿಸಬೇಕಾಯಿತು. ಆ ಕಾಲದಲ್ಲಿ ಹೊಳೆಯ ದಂಡೆಯಿಂದ ಬಹು ದೂರವಿದ್ದ, ನೆರೆಯ ನೀರು ಮುಟ್ಟದೇ ಇದ್ದ ಊರುಗಳಲ್ಲಿಯೂ ಮಣ್ಣಿನ ಮನೆಗಳು ಕುಸಿದವೆಂಬುದು ನೆನಪಿನಲ್ಲಿಡತಕ್ಕ ಸಂಗತಿ. ಅವುಗಳನ್ನು ಕೆಡಹಿದ್ದು ಹೊಳೆಯಲ್ಲ, ಮೇಲಿನಿಂದ ಬಿದ್ದ ಮಳೆಯೇ.

೨. ಮಳೆ ನಿಂತ ಮೇಲೆ ಮನೆ ಬೀಳುವುದೇಕೆ?

"ಮಳೆ ನಿಂತಿತು, ಇನ್ನು ಭಯವಿಲ್ಲ" ಎಂದು ಜನರು ನಿಶ್ಚಿಂತರಾಗಿ ಒಳಗೆ ಮಲಗುವರು. ಮನೆಯು ಆ ರಾತ್ರಿಯೋ ಮರುರಾತ್ರಿಯೋ ಬೀಳುವುದುಂಟು. ಇದಕ್ಕೆ ಕಾರಣಗಳನ್ನು ತಿಳಿದರೆ ಪರೀಕ್ಷೆಯನ್ನು ಹೇಗೆ ಮಾಡಬೇಕೆಂಬುದು ತಾನಾಗಿ ತಿಳಿಯುವುದು.

ಮೊದಲನೆಯ ಕಾರಣವು ಭಾರ. ೧೦ ಅಡಿ ಅಗಲ, ೧೨ ಅಡಿ ಉದ್ದದ ಒಂದು ಅಂಕಣವನ್ನು ತೆಗೆದುಕೊಳ್ಳೋಣ. ಅದರ ಮೇಲೆ ಒಂದು ಅಂಗುಲ ದಪ್ಪ ಮಣ್ಣು ಹಾಕಿದರೆ ಅದರ ತೂಕವು ಸುಮಾರು ನಾಲ್ಕೂವರೆ ಕ್ವಿಂಟಲ್ ಆಗುವುದು. ಎಂದರೆ ೭೫ ಕಿಲೋಗ್ರಾಮಿನ ಆರು ಭತ್ತದ ಚೀಲಗಳು. ಮಾಳಿಗೆಯ ಮಣ್ಣು ಒಂದು ಅಡಿ ದಪ್ಪವಿದ್ದರೆ ಒಣಗಿರುವಾಗಲೇ ಸುಮಾರು ೫೪ ಕ್ವಿಂಟಲ್. ಅದು ತನ್ನ ತೂಕದ ಐದನೆಯ ಒಂದು ಪಾಲು ನೀರನ್ನು ಕುಡಿದರೆ ಮತ್ತೆ ೧೧ ಕ್ವಿಂಟಲ್ ಕೂಡುವುದು. ಮಳೆ ನಿಂತರೂ ಈ ನೀರು ಒಡನೆ ಇಳಿದುಹೋಗುವುದಿಲ್ಲ. ಕೆಲವು ದಿನಗಳವರೆಗೆ ತೊಲೆಯ ಮೇಲೆಯೇ ಕುಳಿತಿರುವುದು.

ಎರಡನೆಯ ಕಾರಣವು ಗೋಡೆಯ ಬಲಹೀನತೆ. ಒಣಗಿದ ಮಣ್ಣಿನ ಗೋಡೆಯು ಕಲ್ಲಿನಂತೆ ಭಾರ ಹೊರುವುದು. ನೆನೆದ ಮಣ್ಣು ಆ ಶಕ್ತಿಯ ಬಹುಭಾಗವನ್ನು ಕಳೆದುಕೊಳ್ಳುವುದು. ಕುಂಬಿಯಿಂದ ಇಳಿದ ನೀರೂ, ಬುಡದಲ್ಲಿ ನಿಂತು ಮೇಲಕ್ಕೇರಿದ ತೇವವೂ ಗೋಡೆಯ ನಡುವಿಗೆ ಮುಟ್ಟುವುದು ನಿಧಾನವಾಗಿ. ಹೊರಮೈ ಬಿಸಿಲಿಗೆ ಒಣಗಿ ಗಟ್ಟಿಯಾಗಿ ಕಂಡರೂ ಒಳಭಾಗವು ಆಗ ಪೂರ್ಣವಾಗಿ ನೆನೆದಿರಬಹುದು. ಭಾರವು ಹೆಚ್ಚಿದ ಹೊತ್ತಿಗೆ ಸರಿಯಾಗಿ ಬಲವು ಕುಗ್ಗಿರುತ್ತದೆ.

ಮೂರನೆಯದು ನೆಲದ ಗುಣ. ಸಿಂಧನೂರಿನ ಸುತ್ತಲಿನ ಎರೆಯ ಜಿಗುಟು ಮಣ್ಣು ನೆನೆದಾಗ ಉಬ್ಬುವುದು, ಆರಿದಾಗ ಕುಗ್ಗಿ ಬಿರಿಯುವುದು. ಅದರ ಮೇಲಿನ ಮನೆಯು ವರ್ಷಂಪ್ರತಿ ಎದ್ದು ಇಳಿಯುತ್ತಿರುತ್ತದೆ. ಮಳೆಯಾದ ವಾರದ ಮೇಲೆ ಬಿಸಿಲು ಬಿದ್ದಾಗ ಒಂದು ಮಗ್ಗುಲು ಬೇಗ ಆರಿ ಕುಗ್ಗಿದರೆ ಗೋಡೆಯ ಮೂಲೆಯು ಸೀಳುವುದು. ಇದಲ್ಲದೆ ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಳಗಣ ಅನೇಕ ಊರುಗಳಲ್ಲಿ ಬಸಿನೀರು ಮೇಲಕ್ಕೆ ಬಂದಿರುವುದರಿಂದ ಗೋಡೆಯ ಬುಡವು ಮಳೆಗೆ ಮೊದಲೇ ತೇವವಾಗಿರುವುದು. ಬುಡದಲ್ಲಿ ಬಿಳಿ ಉಪ್ಪು ಎದ್ದು ಮಣ್ಣು ಹಕ್ಕಳೆಯಾಗಿ ಉದುರುತ್ತಿದ್ದರೆ ಅದು ಇದೇ ತೇವದ ಗುರುತು. ಲಿಂಗಸುಗೂರು, ಮುದಗಲ್ಲುಗಳ ಕಡೆಯ ಕಲ್ಲುನೆಲದ ಮೇಲೆ ಈ ದೋಷವು ಕಡಿಮೆ; ಆದರೆ ಅಲ್ಲಿ ಕಲ್ಲುಗಳ ನಡುವಣ ಕೆಸರುಗಾರೆಯು ತೊಳೆದುಹೋಗಿ ಗೋಡೆಯು ಹೊಟ್ಟೆ ಬಿಡುವುದು. ಮಸ್ಕಿ ತಾಲ್ಲೂಕಿನ ಗುಡ್ಡದ ಬುಡದ ಊರುಗಳಲ್ಲಿ ಮೇಲಿನಿಂದ ಹರಿದು ಬಂದ ನೀರು ತಳಪಾಯವನ್ನು ಕೊರೆಯುವುದುಂಟು.

೩. ಪರೀಕ್ಷೆಯ ಕ್ರಮ

(ಅ) ಮೊದಲು ಹೊರಗಿನಿಂದ. ಗಾಳಿ ಮಳೆಗಳು ನಿಂತೊಡನೆ ಯಾರೂ ಬಾಗಿಲು ನೂಕಿ ಒಳಹೊಗಕೂಡದು. ಹಗಲು ಬೆಳಕಿನಲ್ಲಿ, ಇಬ್ಬರು ಕೂಡಿ, ಗೋಡೆಯಿಂದ ಅದರ ಎತ್ತರದಷ್ಟು ದೂರದಲ್ಲಿ ಮನೆಯ ಸುತ್ತ ಒಂದು ಸುತ್ತು ಬರತಕ್ಕದ್ದು. ಕಡಿದು ಬಿದ್ದ ವಿದ್ಯುತ್ ತಂತಿಯು ಎಲ್ಲಿಯಾದರೂ ಇದೆಯೆ, ತಗಡಿಗೆ ತಗುಲಿದೆಯೆ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಇದ್ದರೆ ಯಾರನ್ನೂ ಹತ್ತಿರ ಬಿಡದೆ ವಿದ್ಯುತ್ ಕಂಪನಿಯ ೧೯೧೨ ಎಂಬ ಸಂಖ್ಯೆಗೆ ಫೋನು ಮಾಡತಕ್ಕದ್ದು. ಕೋಲಿನಿಂದ ತಂತಿಯನ್ನು ಸರಿಸುವ ಸಾಹಸವು ಬೇಡ. ಬಳಿಕ ಮನೆಯ ಮೇಲೆ ವಾಲಿದ ಮರ, ಕುಂಬಿಯಿಂದ ಜಾರಿದ ಕಲ್ಲು, ಗೋಡೆಯ ಬುಡದಲ್ಲಿ ನಿಂತ ನೀರು ಇವುಗಳನ್ನು ಗುರುತಿಸಬೇಕು. ನಿಂತ ನೀರಿಗೆ ಆಗಲೇ ಸಣ್ಣ ಕಾಲುವೆ ತೋಡಿ ದಾರಿ ಮಾಡಿಕೊಟ್ಟರೆ ಅದೇ ಮೊದಲನೆಯ ಚಿಕಿತ್ಸೆಯಾಗುವುದು.

(ಆ) ಗೋಡೆ. ಗೌಂಡಿಯ ಬಳಿಯಲ್ಲಿರುವ ತೂಕದ ಗುಂಡನ್ನು ಗೋಡೆಯ ಹೊರಮೈಯ ತುದಿಯಿಂದ ಇಳಿಬಿಡಬೇಕು. ಗುಂಡು ಇಲ್ಲದಿದ್ದರೆ ದಾರಕ್ಕೆ ಕಲ್ಲು ಕಟ್ಟಿದರೂ ಸಾಕು. ದಾರವು ಮೇಲೆ ಗೋಡೆಗೆ ತಗುಲಿ ಬುಡದಲ್ಲಿ ಅಂತರ ಬಿಟ್ಟರೆ ಗೋಡೆಯು ಹೊರಕ್ಕೆ ವಾಲಿದೆ. ನಡುವೆ ಮಾತ್ರ ದಾರವನ್ನು ನೂಕಿದರೆ ಹೊಟ್ಟೆ ಬಿಟ್ಟಿದೆ. ಅಂತರವನ್ನು ಅಳೆದು ಬರೆದಿಟ್ಟು ಮರುದಿನ ಮತ್ತೆ ಅಳೆಯತಕ್ಕದ್ದು. ಅದು ಹೆಚ್ಚಿದ್ದರೆ ಗೋಡೆಯು ಇನ್ನೂ ನಡೆಯುತ್ತಿದೆಯೆಂದು ತಿಳಿದು ಮನೆಯನ್ನು ಬಿಡಿಸಬೇಕು.

ಬಿರುಕುಗಳಲ್ಲಿ ಹಳೆಯವು ಹೊಸವು ಎಂಬ ಭೇದವುಂಟು. ಹಳೆಯ ಬಿರುಕಿನೊಳಗೆ ಧೂಳು, ಜೇಡರ ಬಲೆ, ಸುಣ್ಣದ ಕಲೆ ಕಾಣುವುದು. ಹೊಸದರ ಅಂಚು ಹರಿತವಾಗಿಯೂ ಒಳಮೈ ಹಸನಾಗಿಯೂ ಇರುವುದು. ಮೇಲಿನ ಗಿಲಾವು ಮಾತ್ರ ಬಿರಿದಿದ್ದರೆ ಅಂಜಬೇಕಾದುದಿಲ್ಲ. ಒಂದೇ ಬಿರುಕು ಒಳಗೂ ಹೊರಗೂ ಕಂಡರೆ, ಅಥವಾ ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ ಮೇಲಿನಿಂದ ಕೆಳಕ್ಕೆ ಸೀಳಿದ್ದರೆ, ಅಥವಾ ಬಾಗಿಲಿನ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಓಡಿದ್ದರೆ ಅದು ಅಪಾಯದ ಬಿರುಕು. ಅದರ ಎರಡು ತುದಿಗಳಿಗೂ ಇದ್ದಿಲಿನಿಂದ ಗೆರೆ ಎಳೆದು ದಿನಾಂಕ ಬರೆಯಬೇಕು. ಅಡ್ಡವಾಗಿ ಒಂದು ಕಾಗದದ ಪಟ್ಟಿಯನ್ನು ಅಂಟಿಸಬೇಕು. ಪಟ್ಟಿಯು ಹರಿದರೆ ಬಿರುಕು ಬೆಳೆಯುತ್ತಿದೆ. ಗೋಡೆಯ ಬುಡಕ್ಕೆ ಉದ್ದವಾದ ಮೊಳೆಯನ್ನು ಕೈಯಿಂದ ಒತ್ತಿ ನೋಡತಕ್ಕದ್ದು. ಸುತ್ತಿಗೆಯಿಲ್ಲದೆ ಅದು ಸಲೀಸಾಗಿ ಇಳಿದರೆ ಆ ಗೋಡೆಯ ಕೆಳಗೆ ಯಾರೂ ಮಲಗಕೂಡದು.

(ಇ) ಮಾಳಿಗೆ. ಮಾಳಿಗೆಯನ್ನು ಒಳಗಿನಿಂದ ನೋಡಬೇಕೇ ಹೊರತು, ನೆನೆದಿರುವಾಗ ಮೇಲೆ ಹತ್ತಕೂಡದು. ಗೋಡೆಗಳು ನೆಟ್ಟಗಿವೆಯೆಂದು ಕಂಡ ಮೇಲೆ, ಒಬ್ಬನು ಬಾಗಿಲಿನಲ್ಲಿ ನಿಂತಿರಲು ಇನ್ನೊಬ್ಬನು ಬ್ಯಾಟರಿ ದೀಪವನ್ನು ಹಿಡಿದು ಒಳಹೊಗತಕ್ಕದ್ದು. ಬಾಗಿಲು ನಿನ್ನೆಯವರೆಗೆ ಸಲೀಸಾಗಿದ್ದು ಇಂದು ಬಿಗಿಯಾಗಿದ್ದರೆ ಚೌಕಟ್ಟಿನ ಮೇಲೆ ಭಾರವು ಇಳಿದಿದೆಯೆಂದು ಅರ್ಥ. ಅದನ್ನು ಒದ್ದು ತೆರೆಯಬಾರದು. ಒಳಗೆ ನೋಡತಕ್ಕವು ನಾಲ್ಕು: ತೊಲೆಯು ನಡುವೆ ಬಾಗಿದೆಯೆ, ತೊಲೆಯ ತುದಿಯು ಗೋಡೆಯೊಳಗಿನಿಂದ ಜಾರಿದೆಯೆ, ಜಂತಿಗಳ ಸಂದಿನಿಂದ ಮಣ್ಣು ಉದುರುತ್ತಿದೆಯೆ, ಕಂಬವು ಬೋದಿಗೆಯಿಂದ ಸರಿದಿದೆಯೆ. ತೊಲೆಯು ಗೋಡೆಯನ್ನು ಹೊಗುವ ಜಾಗದಲ್ಲಿಯೇ ತೇವವೂ ಗೆದ್ದಲೂ ಕೂಡಿರುತ್ತವೆ. ಅಲ್ಲಿ ಚೂರಿಯ ಮೊನೆಯಿಂದ ಚುಚ್ಚಿದರೆ ಒಳಗೆ ಟೊಳ್ಳಾಗಿರುವ ಮರವು ತಿಳಿದುಬರುವುದು. ಉದುರುವ ಮಣ್ಣು ಹೆಚ್ಚುತ್ತಿದ್ದರೆ, ಅಥವಾ ಮರವು ಕಿರುಗುಟ್ಟುವ ಸದ್ದು ಕೇಳಿದರೆ, ಆ ಕ್ಷಣವೇ ಹೊರಗೆ ಬರಬೇಕು.

ಸೋರುವ ಮಾಳಿಗೆಗೆ ಮಳೆಯಲ್ಲಿಯೇ ಹೊಸ ಮಣ್ಣು ಹಾಕುವ ವಾಡಿಕೆಯು ಬಹಳ ಕೇಡಿನದು. ನೆನೆದ ಭಾರದ ಮೇಲೆ ಇನ್ನೂ ಭಾರವನ್ನೂ, ಅದನ್ನು ಹೊತ್ತ ಮನುಷ್ಯರ ಭಾರವನ್ನೂ ಹೇರಿದಂತಾಗುವುದು. ಏಣಿಯನ್ನು ಗಟ್ಟಿಯಾದ ಗೋಡೆಗೆ ಆನಿಸಿ ಉದ್ದ ಕೋಲಿನಿಂದ ಹರನಾಳಿಗೆಯ ಕಸವನ್ನು ತೆಗೆದು, ಬೆಳಕಿಂಡಿಯ ಸುತ್ತ ತಾಡಪಾಲು ಹೊದಿಸಿದರೆ ಸದ್ಯಕ್ಕೆ ಸಾಕು. ಬಿಸಿಲು ಬಿದ್ದ ದಿನ ತಾಡಪಾಲನ್ನು ಸರಿಸದಿದ್ದರೆ ಒಳಗಿನ ತೇವವು ಆರುವುದಿಲ್ಲ.

(ಈ) ತಗಡಿನ ಮನೆ. ಕಾಲುವೆಯ ಸೀಮೆಯ ಕ್ಯಾಂಪುಗಳಲ್ಲಿಯೂ ಹೊಸ ಓಣಿಗಳಲ್ಲಿಯೂ ತಗಡಿನ ಮನೆಗಳು ಹೆಚ್ಚಾಗಿವೆ. ಇವುಗಳಿಗೆ ಭಾರದ ಭಯವಿಲ್ಲ, ಗಾಳಿಯ ಭಯವುಂಟು. ಗಾಳಿಯು ಮಾಳಿಗೆಯ ಮೇಲೆ ವೇಗವಾಗಿ ಹಾಯುವಾಗ ತಗಡನ್ನು ಮೇಲಕ್ಕೆ ಸೆಳೆಯುವುದು. ಗಾಳಿಯ ದಿಕ್ಕಿನ ಬಾಗಿಲು ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿಯು ಕೆಳಗಿನಿಂದಲೂ ನೂಕುವುದು. ಆದುದರಿಂದ ತಗಡು ನಿಂತಿದೆಯೆಂದು ಸಮಾಧಾನಪಡದೆ, ಅಂಚಿನ ಮತ್ತು ಮೂಲೆಯ ಬೋಲ್ಟುಗಳು ಸಡಿಲವಾಗಿವೆಯೆ, ಬೋಲ್ಟಿನ ತೂತು ಹರಿದು ದೊಡ್ಡದಾಗಿದೆಯೆ, ತಗಡಿನ ಕೆಳಗಣ ಅಡ್ಡಮರವು ಗೋಡೆಯಿಂದ ಎದ್ದಿದೆಯೆ ಎಂದು ನೋಡಬೇಕು. ತಗಡು ಹಾರದಿರಲೆಂದು ಮೇಲೆ ಕಲ್ಲು ಹೇರುವುದು ಸರ್ವತ್ರ ಕಾಣುವ ವಾಡಿಕೆ. ತಗಡಿನೊಡನೆ ಆ ಕಲ್ಲೂ ಮಲಗಿದವರ ಮೇಲೆ ಬೀಳುವುದರಿಂದ ಅದನ್ನು ಬಿಡಿಸಿ, ಅಡ್ಡಮರವನ್ನು ಗೋಡೆಯಲ್ಲಿ ಹುಗಿದ ಕಬ್ಬಿಣದ ಪಟ್ಟಿಗೆ ಬಿಗಿಸುವಂತೆ ಹೇಳತಕ್ಕದ್ದು. ಸಿಮೆಂಟಿನ ಶೀಟುಗಳ ಮೇಲೆ ನಡೆಯಲೇ ಕೂಡದು. ಆಲಿಕಲ್ಲಿಗೆ ಕಣ್ಣಿಗೆ ಕಾಣದಂತೆ ಬಿರಿದ ಶೀಟು ಕಾಲಿಟ್ಟೊಡನೆ ಮುರಿಯುವುದು.

ಕಾಂಕ್ರೀಟಿನ ಮನೆಗಳಲ್ಲಿ ಕುಂಬಿಯ ಗೋಡೆ, ಸಜ್ಜೆ, ನೀರಿನ ತೊಟ್ಟಿ ಇವುಗಳನ್ನು ನೋಡಿದರೆ ಬಹುಮಟ್ಟಿಗೆ ಸಾಕು. ಆದರೆ ಎರೆಯ ಮೇಲೆ ಕಟ್ಟಿದ ಮನೆಯಾದರೆ ನೆಲವೂ ಗೋಡೆಯೂ ಕೂಡುವ ಜಾಗದ ಬಿರುಕನ್ನು ಗುರುತಿಸಿಡಬೇಕು.

೪. ಕೊಟ್ಟಿಗೆ, ಕಾಳು, ಬೀಜ, ಮೇವು

ಕೊಟ್ಟಿಗೆಯ ಗೋಡೆಗಳು ಸಾಮಾನ್ಯವಾಗಿ ಮನೆಯವುಗಳಿಗಿಂತ ತೆಳುವಾಗಿಯೂ, ಗಂಜಲದಿಂದ ಬುಡ ನೆನೆದವುಗಳಾಗಿಯೂ ಇರುವುದರಿಂದ ಮನೆಗಿಂತ ಮೊದಲು ಬೀಳುವುವು. ಕಟ್ಟಿದ ದನವು ಓಡಲಾರದು. ಜಡಿಮಳೆ ಹಿಡಿದ ಎರಡನೆಯ ದಿನವೇ ದನಗಳನ್ನು ಬಯಲಿನ ಚಪ್ಪರಕ್ಕೆ ಸಾಗಿಸುವುದು ಮೇಲು.

ನೆನೆದ ಕಾಳನ್ನು ಒಣಗಿದ ಕಾಳಿನೊಡನೆ ಬೆರೆಸಬಾರದು. ಬೀಜದ ಚೀಲವನ್ನು ಮೊದಲು ಹೊರತೆಗೆದು ನೆರಳಿನಲ್ಲಿ ತೆಳ್ಳಗೆ ಹರಡಬೇಕು; ಬಿತ್ತುವುದಕ್ಕೆ ಮೊದಲು ೧೦೦ ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಮೊಳಕೆಯಿಟ್ಟು ಎಣಿಸತಕ್ಕದ್ದು. ಬೂಷ್ಟು ಹಿಡಿದ ಶೇಂಗಾವು ಮನುಷ್ಯರಿಗೂ ದನಗಳಿಗೂ ವಿಷ; ಬೂಷ್ಟಿನ ಮೇವೂ ಹಾಗೆಯೇ. ಹಗೇವು ಇರುವ ಹಳೆಯ ಮನೆಗಳಲ್ಲಿ ನೀರು ಇಳಿದಿದ್ದರೆ ಒಡನೆ ಯಾರೂ ಒಳಗೆ ಇಳಿಯಕೂಡದು. ನೆನೆದ ಕಾಳು ಕೆಡುವಾಗ ಅಲ್ಲಿ ಕೆಟ್ಟ ಗಾಳಿ ತುಂಬಿ, ಇಳಿದವನು ಕೂಗುವುದಕ್ಕೂ ಅವಕಾಶವಿಲ್ಲದೆ ಪ್ರಾಣ ಬಿಡುವನು. ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಿಸಿ, ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಲ್ಲಬೇಕು. ಬಿದ್ದ ಮಣ್ಣನ್ನೂ ಕಟ್ಟಿಗೆಯ ರಾಶಿಯನ್ನೂ ಬರಿಗೈಯಿಂದ ಎತ್ತದೆ ಗುದ್ದಲಿಯಿಂದ ಎಳೆಯಬೇಕು; ಬಿಲ ಮುಚ್ಚಿದ ಹಾವು ಚೇಳುಗಳು ಅಲ್ಲಿಯೇ ಸೇರಿರುತ್ತವೆ. ಹಾವು ಕಚ್ಚಿದರೆ ಮಂತ್ರ ಮದ್ದುಗಳಲ್ಲಿ ಹೊತ್ತು ಕಳೆಯದೆ ೧೦೮ರ ವಾಹನದಲ್ಲಿ ಆಸ್ಪತ್ರೆಗೆ ಒಯ್ಯತಕ್ಕದ್ದು.

೫. ಮನೆ ಬಿಡಿಸುವ ಕೆಲಸ

ಮೇಲೆ ಹೇಳಿದ ಪರೀಕ್ಷೆಯನ್ನು ಪ್ರತಿಯೊಬ್ಬನೂ ತಾನೇ ಮಾಡಬಹುದು. ಆದರೆ ಅಪಾಯದ ಮನೆಯಿಂದ ಜನರನ್ನು ಹೊರಗೆ ಕರೆತರುವುದು ಊರಿನ ಹಿರಿಯರ ಮಾತಿನಿಂದಲ್ಲದೆ ಆಗತಕ್ಕ ಕೆಲಸವಲ್ಲ. "ನಮ್ಮ ಅಪ್ಪನ ಕಾಲದಿಂದ ಮೂವತ್ತು ವರ್ಷ ನಿಂತ ಮನೆ, ಈಗ ಬಿದ್ದೀತೆ?" ಎಂದು ಕೇಳುವವರು ಪ್ರತಿ ಊರಿನಲ್ಲಿಯೂ ಉಂಟು. ಅವರಿಗೆ ಲೆಕ್ಕವನ್ನೇ ಹೇಳಬೇಕು. ವರ್ಷಂಪ್ರತಿ ಹಾಕಿದ ಮಣ್ಣಿನಲ್ಲಿ ಮಳೆಗೆ ಕೊಚ್ಚಿಹೋದದ್ದು ಹೋಗಿ ಕಾಲಂಗುಲ ಉಳಿದರೂ ೩೦ ವರ್ಷಕ್ಕೆ ಏಳೂವರೆ ಅಂಗುಲವಾಯಿತು. ಹತ್ತು ಹನ್ನೆರಡು ಅಡಿಯ ಅಂಕಣಕ್ಕೆ ಅದು ಸುಮಾರು ೩೪ ಕ್ವಿಂಟಲ್, ಎಂದರೆ ೪೫ ಚೀಲ ಭತ್ತ. ಅಪ್ಪನು ಕಟ್ಟಿದಾಗ ತೊಲೆಯು ಹೊತ್ತ ಭಾರವೇ ಬೇರೆ, ಈಗ ಹೊತ್ತಿರುವುದೇ ಬೇರೆ. ತೊಲೆಯು ಮಾತ್ರ ಅದೇ, ಗೆದ್ದಲು ತಿಂದದ್ದು ಕಳೆದು.

ಮನೆ ಬಿಡದವರಲ್ಲಿ ಬಹುಮಂದಿ ಹಟದಿಂದಲ್ಲ, ಒಳಗಿನ ಕಾಳಿನ ಮೇಲಣ ಮತ್ತು ದನಗಳ ಮೇಲಣ ಚಿಂತೆಯಿಂದ ಉಳಿಯುತ್ತಾರೆ. ಹೊರಗೆ ಬಂದವರೂ ರಾತ್ರಿ ಅವನ್ನು ನೋಡಲು ತಿರುಗಿ ಹೋಗುತ್ತಾರೆ. ಆದುದರಿಂದ ಜನರನ್ನು ಶಾಲೆಗೋ ಗುಡಿಗೋ ಸಮುದಾಯ ಭವನಕ್ಕೋ ಕರೆತರುವಾಗಲೇ ಅವರ ಕಾಳಿಗೆ ಒಣಗಿದ ಜಾಗವನ್ನೂ ದನಗಳಿಗೆ ಗೂಟವನ್ನೂ ಗೊತ್ತುಮಾಡಿದರೆ ಅರ್ಧ ಕೆಲಸ ಮುಗಿದಂತೆ. ದೊಡ್ಡ ಜಮೀನುದಾರರ ಗೋದಾಮುಗಳು ಅಂಥ ಹೊತ್ತಿನಲ್ಲಿ ಹತ್ತು ಚೀಲಕ್ಕೆ ಎಡೆ ಕೊಟ್ಟರೆ ಅವರಿಗೆ ನಷ್ಟವಿಲ್ಲ. ತಮ್ಮ ಹೊಲದಲ್ಲಿ ದುಡಿಯುವ ಕೂಲಿಕಾರರ ಮನೆಗಳು ಊರಂಚಿನ ತಗ್ಗಿನಲ್ಲಿ ಇರುವುದು ಹೆಚ್ಚು. ಅವುಗಳನ್ನು ತಮ್ಮ ಮನೆಗಿಂತ ಮೊದಲು ನೋಡಿಸುವುದು ಜಮೀನುದಾರರಿಗೆ ಧರ್ಮವೂ ಹೌದು, ಹಿತವೂ ಹೌದು.

ಪ್ರತಿ ಮನೆಗೂ ಒಂದು ಗುರುತು ಹಾಕಿದರೆ ಕೆಲಸವು ಸುಲಭವಾಗುವುದು. ವಾಸಕ್ಕೆ ಯೋಗ್ಯವಾದ ಮನೆಯ ಬಾಗಿಲಿಗೆ ಸುಣ್ಣದ ಗೆರೆ. ಹಗಲು ಸಾಮಾನು ತೆಗೆಯಲು ಹೊಗಬಹುದು, ರಾತ್ರಿ ಮಲಗಕೂಡದು ಎಂಬ ಮನೆಗೆ ಕೆಮ್ಮಣ್ಣಿನ ಗೆರೆ. ಯಾರೂ ಹೊಗಕೂಡದ ಮನೆಗೆ ಇದ್ದಿಲಿನ ಗೆರೆ. ಮುದುಕರು, ಬಾಣಂತಿಯರು, ಒಂಟಿಯಾಗಿರುವ ಹೆಂಗಸರು ಇರುವ ಮನೆಗಳಿಂದ ಆರಂಭಿಸತಕ್ಕದ್ದು. ಮಳೆ ನಿಂತ ಮೇಲೆ ಹತ್ತು ದಿನಗಳವರೆಗೆ ಈ ಗುರುತುಗಳನ್ನು ದಿನ ಬಿಟ್ಟು ದಿನ ನೋಡಿ ಬದಲಿಸಬೇಕು.

೬. ದಾಖಲೆ

ಬಿದ್ದ ಭಾಗವನ್ನು ಎತ್ತುವುದಕ್ಕೆ ಮೊದಲು ಮನೆಯ ನಾಲ್ಕು ಮಗ್ಗುಲಿನ ಚಿತ್ರಗಳನ್ನೂ ಒಳಗಿನ ಚಿತ್ರವನ್ನೂ ತೆಗೆದಿಡಬೇಕು. ಇಂದು ಕೈಫೋನಿಲ್ಲದ ಮನೆಯು ಅಪರೂಪ. ಗ್ರಾಮ ಆಡಳಿತಾಧಿಕಾರಿಗೂ ಪಂಚಾಯತಿಗೂ ಆ ದಿನವೇ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿಯನ್ನು ಪಡೆಯತಕ್ಕದ್ದು. ಸರಕಾರದ ಪರಿಹಾರವು ಮನೆಯು ಎಷ್ಟು ಪಾಲು ಹಾಳಾಗಿದೆಯೆಂಬುದರ ಮೇಲೆ ನಿಂತಿರುತ್ತದೆ. ೨೦೨೨ರಿಂದ ೨೦೨೬ರವರೆಗಿನ ಅವಧಿಗೆ ಕೇಂದ್ರ ಸರಕಾರವು ಗೊತ್ತುಪಡಿಸಿದ ನಿಯಮದಲ್ಲಿ ಪೂರ್ತಿಯಾಗಿ ಅಥವಾ ತೀವ್ರವಾಗಿ ಹಾಳಾದ ಮನೆಗೆ ಬಯಲುಸೀಮೆಯಲ್ಲಿ ೧,೨೦,೦೦೦ ರೂಪಾಯಿಗಳೂ, ಕನಿಷ್ಠ ನೂರಕ್ಕೆ ೧೫ ಪಾಲು ಹಾಳಾದ ಕಚ್ಚಾ ಮನೆಗೆ ೪,೦೦೦ ರೂಪಾಯಿಗಳೂ ಇದ್ದವು. ಇವೆರಡರ ನಡುವಣ ಅಂತರವನ್ನು ನೋಡಿದರೆ ಅಳತೆಯೂ ಚಿತ್ರವೂ ಎಷ್ಟು ಮುಖ್ಯವೆಂಬುದು ತಿಳಿಯುವುದು. ಮನೆಯೊಂದಿಗೆ ಸೇರಿದ ಕೊಟ್ಟಿಗೆಗೆ ಬೇರೆ ಪರಿಹಾರವಿರುವುದರಿಂದ ಅದನ್ನು ಬೇರೆಯಾಗಿಯೇ ಬರೆಯಿಸಬೇಕು. ಪರಿಹಾರಕ್ಕಾಗಿ ಅಪಾಯದ ಗೋಡೆಯನ್ನು ಹಾಗೆಯೇ ನಿಲ್ಲಿಸಿ ಅದರ ಕೆಳಗೆ ಬಾಳುವುದು ಮಾತ್ರ ಬುದ್ಧಿವಂತಿಕೆಯಲ್ಲ.

ಕೊಯ್ದು ಹೊಲದಲ್ಲಿ ಒಣಹಾಕಿದ ಬೆಳೆಯು ಅಕಾಲದ ಮಳೆಗೆ ಕೆಟ್ಟಲ್ಲಿ, ಫಸಲು ವಿಮೆ ಮಾಡಿಸಿದವರು ೭೨ ತಾಸುಗಳೊಳಗೆ ತಿಳಿಸಬೇಕೆಂಬ ನಿಯಮವುಂಟು. ಕೊಯ್ದ ದಿನದಿಂದ ೧೪ ದಿನಗಳವರೆಗೆ ಈ ರಕ್ಷಣೆಯಿರುವುದು. ಮನೆಯ ಗಡಿಬಿಡಿಯಲ್ಲಿ ಇದನ್ನು ಮರೆಯಬಾರದು.

೭. ಮುಂದಿನ ಮಳೆಗೆ ಮೊದಲು

ಮಾಳಿಗೆಗೆ ಸವುಳು ಮಣ್ಣನ್ನೇ ಹುಡುಕಿ ತರುವ ನಮ್ಮ ಹಿರಿಯರ ವಾಡಿಕೆಯು ಅರ್ಥವುಳ್ಳದ್ದು. ಆ ಮಣ್ಣಿನ ಸೋಡಿಯಂ ಅಂಶವು ಜಿಗುಟು ಕಣಗಳನ್ನು ಬಿಡಿಸಿ ಸಂದುಗಳನ್ನು ಮುಚ್ಚುವುದರಿಂದ ನೀರು ಕೆಳಗೆ ಇಳಿಯುವುದಿಲ್ಲ. ಹೊಲದಲ್ಲಿ ಬೆಳೆಯನ್ನು ಕೊಲ್ಲುವ ಗುಣವೇ ಮಾಳಿಗೆಯನ್ನು ಕಾಯುವುದು. ಆದರೆ ಹೊಸ ಪದರವನ್ನು ಹಾಕುವುದಕ್ಕೆ ಮೊದಲು ಅಷ್ಟೇ ದಪ್ಪದ ಹಳೆಯ ಮಣ್ಣನ್ನು ಕೆರೆದು ಕೆಳಗಿಳಿಸತಕ್ಕದ್ದು. ಈ ಒಂದು ನಿಯಮವನ್ನು ಪಾಲಿಸಿದರೆ ತೊಲೆಯ ಆಯುಷ್ಯವು ಹೆಚ್ಚುವುದು. ಇದನ್ನು ಬೇಸಗೆಯಲ್ಲಿ, ಮಾಳಿಗೆ ಒಣಗಿರುವಾಗ, ಸ್ವಲ್ಪ ಸ್ವಲ್ಪವಾಗಿ ಎರಡು ಬದಿಗಳಿಂದಲೂ ಸಮನಾಗಿ ಮಾಡಬೇಕು. ಹರನಾಳಿಗೆಯು ಗೋಡೆಯಿಂದ ಎರಡು ಅಡಿಯಾದರೂ ಹೊರಚಾಚಿರಲಿ. ಬಚ್ಚಲ ನೀರೂ ತಿಪ್ಪೆಯೂ ಗೋಡೆಯಿಂದ ದೂರವಿರಲಿ. ಗೋಡೆಯ ಬುಡಕ್ಕೆ ಹೊರಗಡೆ ಇಳಿಜಾರಾಗಿ ಕಲ್ಲುಹಾಸು ಮಾಡಿದರೆ ಮತ್ತೂ ಒಳ್ಳೆಯದು.

ಈ ಕೆಲಸಗಳಲ್ಲಿ ಹೆಚ್ಚಿನ ಖರ್ಚಿನದು ಯಾವುದೂ ಇಲ್ಲ. ದಾರ, ಕಲ್ಲು, ಮೊಳೆ, ಇದ್ದಿಲು, ಒಂದು ದೀಪ, ಮತ್ತು ಊರಿನವರು ಗೌರವಿಸುವ ಒಬ್ಬ ಹಿರಿಯರು ಇಷ್ಟಿದ್ದರೆ ನೂರು ಮನೆಯ ಊರನ್ನು ಎರಡು ದಿನಗಳಲ್ಲಿ ಪರೀಕ್ಷಿಸಬಹುದು. ಮುಂಗಾರಿಗೆ ಮೊದಲು ಒಮ್ಮೆ, ಹಸ್ತಾ ಮಳೆಗೆ ಮೊದಲು ಒಮ್ಮೆ, ಪ್ರತಿ ದೊಡ್ಡ ಗಾಳಿ ಮಳೆಯ ತರುವಾಯ ಒಮ್ಮೆ ಹೀಗೆ ಊರನ್ನು ಸುತ್ತುವ ಪದ್ಧತಿಯನ್ನು ಈ ಮೂರು ತಾಲ್ಲೂಕುಗಳ ಗ್ರಾಮಮುಖ್ಯಸ್ಥರು ಈ ವರ್ಷದಿಂದಲೇ ಆರಂಭಿಸಬೇಕೆಂದು ಬಿನ್ನಹ.